ಅಜ್ಞಾತಫಲ ತ್ಯಾಗವೂ ಹಿತ್ತಲ ದಾಸವಾಳವೂ

ಶ್ರಾವಕನು ಕೈಕೊಳ್ಳುವ ವ್ರತಗಳಲ್ಲಿ ಅತ್ಯಂತ ಸುಲಭವೆಂದು ಎಣಿಸಲ್ಪಟ್ಟು, ಆ ಕಾರಣದಿಂದಲೇ ಅತ್ಯಂತ ಕಡಿಮೆ ವಿಚಾರಕ್ಕೆ ಒಳಗಾದುದು ಅಜ್ಞಾತಫಲ ತ್ಯಾಗ. ಹೆಸರು ತಿಳಿಯದ, ಗುಣ ತಿಳಿಯದ ಹಣ್ಣು ಕಾಯಿ ಸೊಪ್ಪುಗಳನ್ನು ತಿನ್ನೆನು ಎಂಬುದಿಷ್ಟೇ ಅದರ ರೂಪ. ಉಪವಾಸದ ಕಷ್ಟ ಇದರಲ್ಲಿಲ್ಲ, ಏಕಾಶನದ ನಿರ್ಬಂಧವಿಲ್ಲ, ರಸತ್ಯಾಗದ ನಾಲಗೆಯ ಬೇಗುದಿಯಿಲ್ಲ. ಮುನಿಗಳ ಮುಂದೆ ಏನಾದರೊಂದು ನಿಯಮವನ್ನು ಸ್ವೀಕರಿಸಬೇಕೆಂದಾಗ ಸಂಕೋಚದಿಂದ ಹಿಂದುಮುಂದು ನೋಡುವ ಗೃಹಸ್ಥರು ಕೊನೆಗೆ ಇದನ್ನು ಕೇಳಿಕೊಂಡು ನಿಶ್ಚಿಂತರಾಗಿ ಮನೆಗೆ ಬರುವುದುಂಟು. ಸಂತೆಯಲ್ಲಿ ಕೊಂಡ ಬದನೆ, ಹೀರೆ, ಬೆಂಡೆಗಳನ್ನಷ್ಟೇ ಉಣ್ಣುವ ಮನೆಯಲ್ಲಿ ಅರಿಯದ ಹಣ್ಣು ಎಲ್ಲಿಂದ ಬಂದೀತು ಎಂಬುದು ಅವರ ಲೆಕ್ಕ.

ಆದರೆ ಅರಿಯುವುದೆಂದರೇನು? ಈ ಪ್ರಶ್ನೆಯನ್ನು ಕೇಳಿದೊಡನೆ ಸುಲಭವಾದ ವ್ರತ ಸುಲಭವಾಗಿ ಉಳಿಯುವುದಿಲ್ಲ. ಇದನ್ನು ಎತ್ತಿಕೊಳ್ಳಲು ಒಂದು ಮನೆಯ ಸಂಗತಿ ಅನುಕೂಲವಾಗಿದೆ.

ಬಯಲುಸೀಮೆಯ ಒಂದು ಊರಿನ ಜೈನ ಮನೆ. ಹಿತ್ತಲಿನಲ್ಲಿ ಬಾವಿಯ ಬದಿಗೆ ಆಳೆತ್ತರಕ್ಕೆ ಬೆಳೆದ ಕೆಂಪು ದಾಸವಾಳದ ಗಿಡ. ಆ ಮನೆಯ ಹಿರಿಯಾಕೆ ನಲವತ್ತು ವರ್ಷಗಳಿಂದ ದಿನವೂ ಬೆಳಿಗ್ಗೆ ಆ ಗಿಡದ ಹೂವನ್ನು ಬಿಡಿಸಿ ಬಸದಿಗೆ ಒಯ್ಯುತ್ತಿದ್ದರು. ಅಜ್ಞಾತಫಲ ತ್ಯಾಗವನ್ನು ಅವರು ಯಮರೂಪದಲ್ಲಿ, ಎಂದರೆ ಯಾವಜ್ಜೀವವಾಗಿ, ಸ್ವೀಕರಿಸಿದ್ದರು. ಮಲೆನಾಡಿನಿಂದ ಸೊಸೆ ಬಂದಳು. ಒಂದು ದಿನ ಅವಳು ಅದೇ ಗಿಡದ ಹಿಡಿಯಷ್ಟು ಎಲೆಗಳನ್ನು ಅಕ್ಕಿಯೊಡನೆ ರುಬ್ಬಿ ದೋಸೆ ಹುಯ್ದಳು. ದೋಸೆ ಹಸಿರಾಗಿ, ಹತ್ತಿಯಂತೆ ಮೃದುವಾಗಿ ಎದ್ದಿತು. ಮೊದಲನೆಯದನ್ನು ಅತ್ತೆಯ ಎಲೆಗೆ ಬಡಿಸಿದಳು.

"ಇದು ಯಾವ ಸೊಪ್ಪಮ್ಮಾ?"

"ನಮ್ಮ ದಾಸವಾಳದ್ದೇ, ಅತ್ತೆ. ನಮ್ಮ ತವರಿನಲ್ಲಿ ವಾರಕ್ಕೊಮ್ಮೆಯಾದರೂ ಮಾಡುತ್ತೇವೆ. ನೀವು ರುಚಿ ನೋಡಿ."

ಹಿರಿಯಾಕೆ ಕೈ ಹಿಂದಕ್ಕೆ ತೆಗೆದುಕೊಂಡರು. "ನನಗೆ ತಿಳಿಯದ್ದಮ್ಮಾ, ನನಗೆ ಬೇಡ. ನೀವೆಲ್ಲ ಉಣ್ಣಿ" ಎಂದರು. ಸೊಸೆಯ ಮುಖ ಬಾಡಿತು. ನಲವತ್ತು ವರ್ಷ ಕೈಯಾರೆ ನೀರೆರೆದ ಗಿಡವನ್ನು ತಿಳಿಯದ್ದೆನ್ನುವುದೆಂದರೆ, ತಿಳಿಯದ್ದು ಗಿಡವಲ್ಲ, ತಾನೇ ಎಂದು ಅವಳಿಗೆ ಅನಿಸಿರಬೇಕು. ಆ ದಿನ ಮನೆಯಲ್ಲಿ ಮಾತು ಕಡಿಮೆಯಾಯಿತು.

ಇಲ್ಲಿ ತಪ್ಪಿದವರು ಯಾರು? ಊರಿನಲ್ಲಿ ಈ ಸಂಗತಿ ಹಬ್ಬಿದಾಗ ಎರಡು ಬಗೆಯ ಮಾತು ಕೇಳಿಬಂದಿತು. ವ್ರತವೆಂಬುದು ಮನೆಯವರ ಮನಸ್ಸನ್ನು ನೋಯಿಸುವುದಕ್ಕಲ್ಲ, ಸೊಸೆಗೆ ತಿಳಿದಿದ್ದರೆ ಸಾಕಾಗಿತ್ತು ಎಂದರು ಕೆಲವರು. ಇನ್ನು ಕೆಲವರು, ವ್ರತದ ಮುಂದೆ ಮನಸ್ಸಿನ ಲೆಕ್ಕವೇನು ಎಂದರು. ಎರಡೂ ಮಾತುಗಳು ಅವಸರದವು.

ಶ್ರಾವಕಾಚಾರ ಗ್ರಂಥಗಳಲ್ಲಿ ಈ ವ್ರತ ಎಲ್ಲಿ ನಿಲ್ಲುತ್ತದೆಂಬುದನ್ನು ಮೊದಲು ನೋಡುವುದು ಉಚಿತ. 13ನೆಯ ಶತಮಾನದ ಪಂಡಿತ ಆಶಾಧರರು ತಮ್ಮ ಸಾಗಾರಧರ್ಮಾಮೃತದಲ್ಲಿ ಪಂಚ ಉದುಂಬರಗಳನ್ನು ತ್ಯಜಿಸಿದವನ ಸಂದರ್ಭದಲ್ಲಿ ಇದನ್ನು ಹೇಳುತ್ತಾರೆ. ಅರಿಯದ ಯಾವ ಫಲವನ್ನೂ ಅವನು ತಿನ್ನಬಾರದು. ಬದನೆ ಮೊದಲಾದವನ್ನು ಸೀಳಿ ನೋಡದೆ ತಿನ್ನಬಾರದು. ಅವರೆಯಂತಹ ಕಾಯಿಗಳನ್ನು ಬಿಡಿಸದೆ ತಿನ್ನಬಾರದು. ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿರುವುದು ಗಮನಾರ್ಹ. ಬದನೆಯ ಹೆಸರು ಎಲ್ಲರಿಗೂ ಗೊತ್ತು, ಆದರೂ ಸೀಳಿ ನೋಡಬೇಕು. ಎಂದರೆ ಹೆಸರು ಗೊತ್ತಿದ್ದ ಮಾತ್ರಕ್ಕೆ ವಸ್ತು ಗೊತ್ತಾದಂತಾಗಲಿಲ್ಲ. ಕಣ್ಣು ಒಳಗೆ ಹೋಗಬೇಕು. ಈ ಅರ್ಥದಲ್ಲಿ ಹಿರಿಯಾಕೆಯ ಮಾತು ಸತ್ಯವೇ ಆಗಿತ್ತು. ದಾಸವಾಳವನ್ನು ಅವರು ಪೂಜಾದ್ರವ್ಯವಾಗಿ ಅರಿತಿದ್ದರೇ ಹೊರತು ಆಹಾರವಾಗಿ ಅರಿತಿರಲಿಲ್ಲ. ಒಂದು ವಸ್ತುವಿಗೆ ಅನೇಕ ಧರ್ಮಗಳಿರುತ್ತವೆ. ಒಂದು ಧರ್ಮವನ್ನು ಅರಿತವನು ಎಲ್ಲವನ್ನೂ ಅರಿತನೆಂದು ಹೇಳುವುದು ಅನೇಕಾಂತವನ್ನು ಬಲ್ಲವರ ಮಾತಲ್ಲ.

ಈ ವ್ರತಕ್ಕೆ ಸಂಬಂಧಿಸಿದಂತೆ ಶ್ವೇತಾಂಬರ ಪರಂಪರೆಯಲ್ಲಿ ವಂಕಚೂಲನ ಕಥೆ ಪ್ರಸಿದ್ಧವಾಗಿದೆ. ರಾಜಪುತ್ರನಾಗಿ ಹುಟ್ಟಿ ಕಳ್ಳರ ನಾಯಕನಾದ ಅವನು ಆಚಾರ್ಯರೊಬ್ಬರಿಂದ ಕೆಲವು ಸಣ್ಣ ನಿಯಮಗಳನ್ನು ಪಡೆದನು. ಅವುಗಳಲ್ಲಿ ಅರಿಯದ ಹಣ್ಣನ್ನು ತಿನ್ನದಿರುವುದು ಒಂದು. ಕಾಡಿನಲ್ಲಿ ಹಸಿದ ಕಳ್ಳರು ಚೆಲುವಾದ ಹಣ್ಣುಗಳನ್ನು ಕಂಡರು. ನಾಯಕನು ಅದರ ಹೆಸರೇನೆಂದು ಕೇಳಿದನು, ಯಾರಿಗೂ ತಿಳಿಯದು. ಅವನು ಹಸಿದೇ ಉಳಿದನು, ತಿಂದವರು ಸತ್ತರು. ಅದು ಕಿಂಪಾಕ ಫಲವಾಗಿತ್ತು. ಕಥೆಯನ್ನು ಹೇಳುವವರು ಸಾಮಾನ್ಯವಾಗಿ ವ್ರತವು ಪ್ರಾಣವನ್ನು ಉಳಿಸಿತೆಂಬಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಅವನು ಮಾಡಿದ್ದು ಏನು? ಹಸಿವಿನ ನಡುವೆ ಒಂದು ಪ್ರಶ್ನೆ ಕೇಳಿದನು. ವ್ರತವು ಅವನಿಗೆ ಕೊಟ್ಟುದು ಆ ಪ್ರಶ್ನೆಯ ಅಭ್ಯಾಸವನ್ನು.

ಪ್ರಶ್ನೆ ಕೇಳುವುದಕ್ಕೂ ಒಂದು ಕ್ರಮವುಂಟು. ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯದಲ್ಲಿ ಮತಿಜ್ಞಾನದ ನಾಲ್ಕು ಮೆಟ್ಟಿಲುಗಳನ್ನು ಹೇಳಿದೆ: ಅವಗ್ರಹ, ಈಹಾ, ಅವಾಯ, ಧಾರಣಾ. ಪಾಠಶಾಲೆಯ ಮಕ್ಕಳು ಇವನ್ನು ಬಾಯಿಪಾಠ ಹೇಳುತ್ತಾರೆ. ಆದರೆ ಹಿತ್ತಲಿನ ಗಿಡದ ಮುಂದೆ ನಿಂತು ಇವನ್ನು ಪ್ರಯೋಗಿಸಿ ನೋಡಿದವರು ವಿರಳ.

ದೂರದಿಂದ ಹಸಿರಿನ ನಡುವೆ ಕೆಂಪಾದುದೊಂದು ಕಾಣುತ್ತದೆ, ಇದು ಅವಗ್ರಹ. ಇದು ದಾಸವಾಳವೋ ಕಣಗಿಲೆಯೋ, ದಾಸವಾಳವಿರಬೇಕು, ನೋಡೋಣ ಎಂದು ಮನಸ್ಸು ನಿರ್ಣಯದ ಕಡೆಗೆ ಬಾಗುವುದು ಈಹಾ. ಗುರುತುಗಳನ್ನು ಪರೀಕ್ಷಿಸಿ ಇದು ದಾಸವಾಳವೇ ಎಂದು ನಿಶ್ಚಯಿಸುವುದು ಅವಾಯ. ಆ ನಿಶ್ಚಯವನ್ನು ಮರೆಯದೆ ಉಳಿಸಿಕೊಂಡು ಮುಂದಿನ ವರ್ಷವೂ ಗುರುತಿಸಬಲ್ಲವನಾಗುವುದು ಧಾರಣಾ. ನಾಲಗೆಯ ಅವಸರ ಬಹುಮಟ್ಟಿಗೆ ಈಹೆಯಲ್ಲಿಯೇ ಬಾಯಿ ತೆರೆಯುತ್ತದೆ. ಅವಾಯಕ್ಕೆ ಮುಂಚೆ ಉಣ್ಣದಿರುವುದೇ ಅಜ್ಞಾತಫಲ ತ್ಯಾಗವೆಂದು ಹೇಳಿದರೆ ವ್ರತದ ಲಕ್ಷಣವು ಸ್ಪಷ್ಟವಾಗುತ್ತದೆ.

ಹಾಗಾದರೆ ದಾಸವಾಳದ ಅವಾಯ ಹೇಗೆ? ಇದು ಬೆಂಡೆ, ಹತ್ತಿ, ಪುಂಡಿಗಳ ಬಳಗಕ್ಕೆ ಸೇರಿದ ಪೊದೆ. ಎಲೆಗಳು ಕಾಂಡದ ಮೇಲೆ ಒಂದಾದಮೇಲೊಂದು ಬದಲು ದಿಕ್ಕಿನಲ್ಲಿ ಹುಟ್ಟುತ್ತವೆ, ಎದುರುಬದುರಾಗಿ ಅಲ್ಲ. ಎಲೆ ಬುಡದಲ್ಲಿ ಅಗಲ, ತುದಿಯಲ್ಲಿ ಚೂಪು, ಮೇಲ್ಮೈ ನುಣುಪು. ಅಂಚಿನಲ್ಲಿ ಗರಗಸದಂತಹ ಹಲ್ಲುಗಳು, ಬುಡದ ಹತ್ತಿರ ಮಾತ್ರ ಹಲ್ಲಿಲ್ಲ. ಎಲೆಯನ್ನು ಹಿಸುಕಿದರೆ ಬೆರಳಿಗೆ ಲೋಳೆ ಹತ್ತುತ್ತದೆ. ಎಲ್ಲಿ ಮುರಿದರೂ ಹಾಲು ಬರುವುದಿಲ್ಲ. ಹೂವು ಎಲೆಯ ಕಂಕುಳಿನಿಂದ ಒಂಟಿ ತೊಟ್ಟಿನಲ್ಲಿ ಹೊರಡುತ್ತದೆ, ಗೊಂಚಲಾಗಿ ಅಲ್ಲ. ಹೂವಿನ ಹಸಿರು ಬಟ್ಟಲಿನ ಹೊರಗೆ ಇನ್ನೊಂದು ಸುತ್ತು ಸಣ್ಣ ಎಳೆಯಂತಹ ಎಲೆಗಳಿರುತ್ತವೆ. ಎಸಳು ಐದು. ನಡುವಿನಿಂದ ಒಂದು ಉದ್ದವಾದ ಕೊಳವೆ ಎಸಳನ್ನೂ ಮೀರಿ ಹೊರಚಾಚಿರುತ್ತದೆ; ಕೇಸರಗಳೆಲ್ಲ ಕೂಡಿ ಆ ಕೊಳವೆಯಾಗಿವೆ, ಅದರ ತುದಿಯಲ್ಲಿ ಐದು ಪುಟ್ಟ ಗುಂಡುಗಳು. ವಾಸನೆಯಿಲ್ಲ. ಬೆಳಿಗ್ಗೆ ಅರಳಿದ ಹೂವು ಸಾಮಾನ್ಯವಾಗಿ ಸಂಜೆಗೆ ಮುದುಡುತ್ತದೆ. ಲಿನೇಯಸ್ ಎಂಬ ಸಸ್ಯಶಾಸ್ತ್ರಜ್ಞನು 1753ರಲ್ಲಿ ಇದಕ್ಕೆ ಚೀನಾದ ಗುಲಾಬಿ ಎಂಬ ಅರ್ಥದ ಲ್ಯಾಟಿನ್ ಹೆಸರನ್ನಿಟ್ಟನು. ಇಂಗ್ಲಿಷಿನವರು ಇದನ್ನು ಷೂ ಫ್ಲವರ್ ಎಂದೂ ಕರೆದರು, ಎಸಳನ್ನು ಉಜ್ಜಿ ಜೋಡಿಗೆ ಕರಿ ಹೊಳಪು ಕೊಡುತ್ತಿದ್ದರಂತೆ. ಜಿನಪಾದಕ್ಕೆ ಏರುವ ಹೂವಿಗೆ ಚರ್ಮದ ಜೋಡಿನ ಹೆಸರು ಬಂದುದು ವಿಚಿತ್ರವೇ ಸರಿ. ವಸ್ತುವು ಬಳಸುವವನ ಭಾವದಿಂದ ಹೆಸರು ಪಡೆಯುತ್ತದೆ.

ಒಂದೆರಡು ಗುರುತುಗಳನ್ನು ಮಾತ್ರ ನಂಬಿದರೆ ಮೋಸ ಹೋಗುವ ಸಂಭವವಿದೆ. ಸುತ್ತುಸುತ್ತಾಗಿ ಎಸಳುಗಳಿರುವ ಜಾತಿಯಲ್ಲಿ ಕೇಸರಗಳೇ ಎಸಳಾಗಿ ಮಾರ್ಪಟ್ಟಿರುವುದರಿಂದ ಐದು ಎಸಳಿನ ಲೆಕ್ಕವೂ ಕೊಳವೆಯ ಗುರುತೂ ಎರಡೂ ತಪ್ಪುತ್ತವೆ. ಎಂದೂ ಪೂರ್ತಿ ಅರಳದೆ ಮೊಗ್ಗಿನಂತೆಯೇ ತೂಗುವ ಬಳಗದ ಗಿಡವೊಂದಿದೆ, ಎಸಳು ಜಾಲರಿಯಂತೆ ಸೀಳಿರುವುದೂ ಒಂದಿದೆ. ಆದುದರಿಂದ ಎಲೆ, ತೊಟ್ಟು, ಲೋಳೆ, ಹಾಲಿಲ್ಲದಿರುವುದು, ಹೊರಬಟ್ಟಲು ಇವೆಲ್ಲವೂ ಒಂದಾಗಿ ಸಾಕ್ಷಿ ಹೇಳಬೇಕು. ಸಂಶಯ, ವಿಪರ್ಯಯ, ಅನಧ್ಯವಸಾಯ ಎಂದು ಜ್ಞಾನದ ದೋಷಗಳನ್ನು ನಮ್ಮ ನ್ಯಾಯಗ್ರಂಥಗಳು ಮೂರಾಗಿ ಹೇಳುತ್ತವೆ. ಇದೋ ಅದೋ ಎಂದು ತೂಗಾಡುವುದಕ್ಕಿಂತ, ಅದಲ್ಲದ್ದನ್ನು ಅದೇ ಎಂದು ಗಟ್ಟಿಯಾಗಿ ನಂಬುವುದು ಹೆಚ್ಚು ಅಪಾಯಕರ. ಏನೋ ಒಂದು ಸೊಪ್ಪು, ಇರಲಿ ಎಂದು ಬಾಯಿಗೆ ಹಾಕಿಕೊಳ್ಳುವ ಅನಧ್ಯವಸಾಯವಂತೂ ನಮ್ಮ ಕಾಲದ ಸಾಮಾನ್ಯ ರೋಗ.

ವಿಪರ್ಯಯದ ಬೆಲೆ ಎಷ್ಟೆಂಬುದನ್ನು ಕಣಗಿಲೆ ಕಲಿಸುತ್ತದೆ. ದಾಸವಾಳದ ಮಗ್ಗುಲಲ್ಲಿಯೇ ಎಷ್ಟೋ ಹಿತ್ತಲುಗಳಲ್ಲಿ ಅದು ಬೆಳೆದಿರುತ್ತದೆ. ಅದೂ ಕೆಂಪು, ಅದೂ ದೇವರಿಗೆ ಏರುವ ಹೂವು. ಅದರ ಎಲೆ ಉದ್ದ, ಕಿರಿದು, ದಪ್ಪ, ಅಂಚಿಗೆ ಹಲ್ಲಿಲ್ಲ, ಒಂದು ಗಿಣ್ಣಿನಲ್ಲಿ ಸಾಮಾನ್ಯವಾಗಿ ಮೂರು ಮೂರು. ಹೂವು ಕೊಂಬೆಯ ತುದಿಯಲ್ಲಿ ಗೊಂಚಲಾಗಿ ಬರುತ್ತದೆ, ಎಸಳುಗಳು ಬುಡದಲ್ಲಿ ಕೂಡಿ ಕೊಳವೆಯಾಗಿರುತ್ತವೆ. ಗಂಟೆಯಾಕಾರದ ಹೂವಿನ ಹಳದಿ ಕಣಗಿಲೆಯನ್ನು ಮುರಿದರೆ ಬಿಳಿಯ ಹಾಲು ಸುರಿಯುತ್ತದೆ. ಎರಡೂ ಬೇರಿನಿಂದ ಬೀಜದವರೆಗೆ ವಿಷ. ಹೃದಯದ ಬಡಿತವನ್ನೇ ಕೆಡಿಸುವ ವಿಷ. 2024ರ ಏಪ್ರಿಲ್ ತಿಂಗಳಿನಲ್ಲಿ ಕೇರಳದಲ್ಲಿ ತರುಣಿಯೊಬ್ಬಳು ಫೋನಿನಲ್ಲಿ ಮಾತನಾಡುತ್ತ ಮೈಮರೆತು ಕಣಗಿಲೆಯ ಎಲೆ ಹೂಗಳನ್ನು ಅಗಿದು ಅದರಿಂದ ಮೃತಳಾದಳೆಂಬ ಶಂಕೆಯುಂಟಾಯಿತು. ಮುಂದಿನ ತಿಂಗಳು ತಿರುವಾಂಕೂರು ದೇವಸ್ವಂ ಮಂಡಳಿಯು ತನ್ನ ದೇವಾಲಯಗಳಲ್ಲಿ ನೈವೇದ್ಯಕ್ಕೂ ಪ್ರಸಾದಕ್ಕೂ ಆ ಹೂವನ್ನು ಬಳಸಬಾರದೆಂದು ನಿರ್ಧರಿಸಿತು. ಆ ಹುಡುಗಿಯಲ್ಲಿ ಲೋಭವಿರಲಿಲ್ಲ, ಹಸಿವೂ ಇರಲಿಲ್ಲ. ಕೈಗೆ ಸಿಕ್ಕಿದ್ದನ್ನು ಬಾಯಿಗೆ ಒಯ್ಯುವ ಪ್ರಮಾದ ಮಾತ್ರವಿತ್ತು. ಹಿಂಸೆಯ ಲಕ್ಷಣವನ್ನು ಹೇಳುವಾಗ ಸೂತ್ರಕಾರರು ಪ್ರಮಾದವನ್ನು ಮುಂದಿಟ್ಟಿರುವುದರ ಅರ್ಥ ಇಂತಹ ಕಡೆ ಕಾಣುತ್ತದೆ. ತನ್ನ ಜೀವವೂ ಜೀವವೇ ಅಲ್ಲವೆ?

ಇನ್ನು ಸೊಸೆಯ ವಿಷಯ. ಅವಳಿಗೆ ದಾಸವಾಳದ ಎಲೆ ತಿಳಿದಿತ್ತು. ಅವಳ ತಿಳಿವು ಅತ್ತೆಯ ತಿಳಿವಾಗಬಹುದೆ? ಎಲ್ಲವನ್ನೂ ತಾನೇ ಕಣ್ಣಾರೆ ಕಂಡು ಉಣ್ಣುವೆನೆಂದರೆ ಯಾರೂ ಒಂದು ತುತ್ತನ್ನೂ ಉಣ್ಣಲಾರರು. ತಾಯಿಯ ಮಾತಿನ ಮೇಲೆ ಮಗು ಉಣ್ಣುತ್ತದೆ, ಶ್ರಾವಕರ ಮಾತಿನ ಮೇಲೆ ಮುನಿಗಳು ಆಹಾರ ಸ್ವೀಕರಿಸುತ್ತಾರೆ. ಆಹಾರಶುದ್ಧಿಯನ್ನು ಬಾಯಲ್ಲಿ ಹೇಳುವ ಪದ್ಧತಿ ಆಹಾರದಾನದ ವಿಧಿಯಲ್ಲಿಯೇ ಇದೆ. ಆಪ್ತರ ವಚನದಿಂದ ಹುಟ್ಟುವ ಅರ್ಥಜ್ಞಾನವನ್ನು ಮಾಣಿಕ್ಯನಂದಿಗಳು ಪ್ರಮಾಣದ ಸಾಲಿಗೆ ಸೇರಿಸಿದರು. ಆಪ್ತನು ಯಾರೆಂಬುದಕ್ಕೆ ಅಕಲಂಕದೇವರು ಕೊಟ್ಟ ಉತ್ತರ ಬಹಳ ಉದಾರವಾದುದು. ಯಾವ ವಿಷಯದಲ್ಲಿ ಒಬ್ಬನ ಮಾತು ವಸ್ತುವಿಗೆ ವಿರೋಧವಾಗಿ ಹೋಗುವುದಿಲ್ಲವೋ ಆ ವಿಷಯದಲ್ಲಿ ಅವನು ಆಪ್ತನೆಂಬುದು ಅವರ ಅಭಿಪ್ರಾಯ. ಮೋಕ್ಷಮಾರ್ಗದಲ್ಲಿ ವೀತರಾಗ ಸರ್ವಜ್ಞನೇ ಆಪ್ತ. ದಾಸವಾಳದ ದೋಸೆಯ ವಿಷಯದಲ್ಲಿ ಮಲೆನಾಡಿನ ಹೆಣ್ಣುಮಗಳೂ ಆಪ್ತಳಾಗಬಲ್ಲಳು. ವಯಸ್ಸಾಗಲಿ ಮನೆಯಲ್ಲಿನ ಸ್ಥಾನವಾಗಲಿ ಇಲ್ಲಿ ಗಣನೆಗೆ ಬಾರದು.

ಹಾಗೆಂದು ಹಿರಿಯಾಕೆ ಆ ಕ್ಷಣವೇ ಉಣ್ಣಬೇಕಾಗಿತ್ತೆಂದು ಹೇಳಲಾಗದು. ಆಪ್ತವಚನವು ಕೇಳುವವನಲ್ಲಿ ಜ್ಞಾನವಾಗಿ ಪರಿಣಮಿಸಬೇಕು. "ತವರಿನಲ್ಲಿ ಮಾಡುತ್ತೇವೆ" ಎಂಬಷ್ಟರಿಂದ ಅದು ಆಗಲಿಲ್ಲ. ತವರಿನಲ್ಲಿ ಎಷ್ಟೋ ಮಾಡುತ್ತಾರೆ. ಯಾವ ಎಲೆ, ಎಳೆಯದೋ ಬಲಿತದ್ದೋ, ಹುಳು ನೋಡಿದ್ದಾಯಿತೋ ಇಲ್ಲವೋ, ಹಿಟ್ಟು ಯಾವಾಗ ರುಬ್ಬಿದ್ದು ಎಂಬ ಪ್ರಶ್ನೆಗಳಿಗೆ ಎಡೆಯಿತ್ತು. ಹಿರಿಯಾಕೆಯ ತಪ್ಪು ಉಣ್ಣದುದರಲ್ಲಿ ಇರಲಿಲ್ಲ, ಕೇಳದುದರಲ್ಲಿ ಇತ್ತು. ವಂಕಚೂಲನು ಕೇಳಿದನು, ಇವರು ಕೇಳಲಿಲ್ಲ. ತಿಳಿಯದ್ದು ಬೇಡವೆಂದು ಬಾಗಿಲು ಹಾಕಿಕೊಂಡರು. ಅಜ್ಞಾತವನ್ನು ತ್ಯಜಿಸುವ ವ್ರತವು ಅಜ್ಞಾನವನ್ನು ಕಾಪಾಡುವ ಬೇಲಿಯಾಗಿಬಿಟ್ಟರೆ ವ್ರತದ ಹೆಸರು ಉಳಿಯುತ್ತದೆ, ಅದರ ಜೀವ ಹೋಗುತ್ತದೆ.

ಸಂಗತಿ ಮುಂದುವರಿಯಿತು. ಎರಡು ದಿನ ಕಳೆದಮೇಲೆ ಹಿರಿಯಾಕೆಯೇ ಸೊಸೆಯನ್ನು ಹಿತ್ತಲಿಗೆ ಕರೆದು, "ನಿನ್ನ ಸೊಪ್ಪನ್ನು ನನಗೆ ತೋರಿಸು" ಎಂದರು. ಸೊಸೆ ಎಲೆ ತೋರಿಸಿದಳು. ಕೊಂಬೆಯ ತುದಿಯ ಎಳೆಯ ಚಿಗುರನ್ನು ತವರಿನಲ್ಲಿ ಆರಿಸುತ್ತಾರೆಂದಳು. ಇಲ್ಲಿ ಅತ್ತೆಗೆ ತಾವು ಪಾಠಶಾಲೆಯಲ್ಲಿ ಕಲಿತ ಗಾಹೆ ನೆನಪಿಗೆ ಬಂದಿತು.

ಗೊಮ್ಮಟಸಾರದ ಜೀವಕಾಂಡದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಅನಂತ ಜೀವಗಳಿಗೆ ಆಶ್ರಯವಾದ ವನಸ್ಪತಿಯ ಗುರುತುಗಳನ್ನು ಹೇಳಿದ್ದಾರೆ. ಚಾವುಂಡರಾಯನ ಕಾಲದಲ್ಲಿ, ಈ ನಾಡಿನಲ್ಲಿಯೇ ಬರೆದ ಮಾತು. ನರಗಳು, ಸಂದುಗಳು, ಗಿಣ್ಣುಗಳು ಹೊರಗೆ ಕಾಣದಿರುವುದು. ಮುರಿದರೆ ಸಮನಾಗಿ ಮುರಿಯುವುದು. ಮುರಿದ ಕಡೆ ನಾರು ಇಲ್ಲದಿರುವುದು. ಕಡಿದರೂ ಮತ್ತೆ ಬೆಳೆಯುವುದು. ಇವುಗಳಿಗೆ ವಿರೋಧವಾದ ಲಕ್ಷಣವುಳ್ಳದ್ದು ಪ್ರತ್ಯೇಕ. ಬೇರು, ಗೆಡ್ಡೆ, ತೊಗಟೆ, ಚಿಗುರು, ಕೊಂಬೆ, ಎಲೆ, ಹೂವು, ಹಣ್ಣು, ಬೀಜ ಎಂದು ಗಿಡದ ಒಂದೊಂದು ಅಂಗಕ್ಕೂ ಪರೀಕ್ಷೆಯನ್ನು ಬೇರೆಬೇರೆಯಾಗಿ ಮಾಡಬೇಕೆಂಬುದೂ ಅಲ್ಲಿಯೇ ತಿಳಿಯುತ್ತದೆ. ಇಡೀ ಗಿಡಕ್ಕೆ ಒಂದೇ ತೀರ್ಪು ಇಲ್ಲ.

ದಾಸವಾಳದ ಬಲಿತ ಎಲೆಯನ್ನು ಬೆಳಕಿಗೆ ಹಿಡಿದರೆ ಬುಡದಿಂದ ಹೊರಟ ನರಗಳು ಎಣಿಸುವಷ್ಟು ಸ್ಪಷ್ಟ. ಹರಿದರೆ ಅಂಚು ಏರುತಗ್ಗಾಗಿ ನರವನ್ನು ಅನುಸರಿಸಿ ಹರಿಯುತ್ತದೆ. ಇದಕ್ಕೆ ವಿರುದ್ಧವಾಗಿ, ಆಗತಾನೆ ಬಿಚ್ಚುತ್ತಿರುವ ಚಿಗುರು ಮುಟ್ಟಿದರೆ ಸಾಕು, ಮುರಿಯುತ್ತದೆ, ನರವಿನ್ನೂ ಮೂಡಿರುವುದಿಲ್ಲ. ಎಲೆಯನ್ನು ಹರಿದಾಗ ನಡುವೆ ಏಳುವ ಲೋಳೆಯ ಎಳೆಯನ್ನೇ ನಾರೆಂದು ಕೆಲವರು ವಾದಿಸಬಹುದು. ಅದು ರಸ, ನಾರಲ್ಲ. ಕೊಂಬೆಯನ್ನು ಕಡಿದು ನೆಟ್ಟರೆ ದಾಸವಾಳ ಚಿಗುರುತ್ತದೆ, ತೋಟದ ದಾಸವಾಳವು ಬೀಜ ಕಟ್ಟುವುದೇ ಅಪರೂಪವಾದುದರಿಂದ ಹಾಗೆಯೇ ನೆಡಬೇಕು, ಆದುದರಿಂದ ಇಡೀ ಗಿಡವೇ ವರ್ಜ್ಯವೆಂಬ ಇನ್ನೊಂದು ವಾದವೂ ಹೊರಡಬಹುದು. ಹಾಗಾದರೆ ಕಬ್ಬನ್ನೂ ಬಿಡಬೇಕಾಗುತ್ತದೆ. ಪರೀಕ್ಷೆ ಉಣ್ಣುವ ಅಂಗಕ್ಕೆ. ಉಣ್ಣುವುದು ಎಲೆಯನ್ನು, ಕೊಂಬೆಯನ್ನಲ್ಲ. ಎಲೆಯನ್ನು ಮಣ್ಣಿನಲ್ಲಿ ಹೂತರೆ ಅದು ಕೊಳೆಯುತ್ತದೆ. ಬಲಿತ ಎಲೆ ಗ್ರಾಹ್ಯ, ಚಿಗುರು ತ್ಯಾಜ್ಯ ಎಂದು ನಿರ್ಣಯಿಸುವುದೇ ಯುಕ್ತವಾಗಿ ತೋರುತ್ತದೆ. ಸಂದೇಹ ಉಳಿದವರು ಬಿಡಲಿ. ಆದರೆ ತಮ್ಮ ಸಂದೇಹವನ್ನು ಇತರರ ಪಾಪವೆಂದು ಎಣಿಸದಿರಲಿ. ಮಲೆನಾಡಿನ ಸೊಸೆ ಎಳೆಯದನ್ನು ಬಿಟ್ಟು ಬಲಿತದ್ದನ್ನು ಆರಿಸಲು ಅಂದು ಕಲಿತಳು. ಬಯಲುಸೀಮೆಯ ಅತ್ತೆ ಗಾಹೆಗೊಂದು ಗಿಡವನ್ನು ಕಂಡುಕೊಂಡರು.

ಬಳಕೆಯ ವಿಷಯದಲ್ಲಿಯೂ ಎಚ್ಚರ ಬೇಕು. ಈ ಗಿಡಕ್ಕೆ ಹಿಟ್ಟುತಿಗಣೆಯ ಕಾಟ ಹೆಚ್ಚು. ಎಲೆಯ ಅಡಿಯಲ್ಲಿ, ಮೊಗ್ಗಿನ ಸಂದಿಯಲ್ಲಿ ಬಿಳಿಯ ಬೂಷ್ಟಿನಂತೆ ಕೂಡುತ್ತದೆ, ಅದರ ಸಿಹಿಗೆ ಇರುವೆ ಸಾಲುಗಟ್ಟುತ್ತದೆ. ಆದುದರಿಂದ ಎಲೆಯನ್ನು ಒಂದೊಂದಾಗಿ ಎರಡೂ ಮಗ್ಗುಲು ಹಗಲಿನ ಬೆಳಕಿನಲ್ಲಿ ನೋಡಿ, ಬಟ್ಟೆಯಲ್ಲಿ ಸೋಸಿದ ನೀರಿನಲ್ಲಿ ತೊಳೆಯತಕ್ಕದ್ದು. ಮಳೆಗಾಲದಲ್ಲಿ ಸೊಪ್ಪನ್ನು ಬಿಡುವ ನಮ್ಮ ಹಿರಿಯರ ಪದ್ಧತಿ ಈ ಸೊಪ್ಪಿಗೂ ಅನ್ವಯಿಸುತ್ತದೆ. ಸಸ್ಯಾಗಾರದಿಂದ ಆಗತಾನೆ ತಂದ ಗಿಡಕ್ಕೆ ಕೀಟನಾಶಕ ಸಿಂಪಡಿಸಿರುವುದು ಸಾಮಾನ್ಯವಾದ್ದರಿಂದ ಅದರ ಎಲೆಯನ್ನು ತಿನ್ನಲಾಗದು. ದೋಸೆಗೆ ಉದ್ದು ಬೇಡವೆಂಬುದು ಈ ಎಲೆಯ ವಿಶೇಷ. ಲೋಳೆಯೇ ಹಿಟ್ಟನ್ನು ಮೃದುಗೊಳಿಸುತ್ತದೆ. ಬೆಳಿಗ್ಗೆ ಅಕ್ಕಿ ನೆನೆಯಿಟ್ಟು, ಮೂರು ನಾಲ್ಕು ಗಂಟೆಯ ಮೇಲೆ ಎಲೆಯೊಡನೆ ನುಣ್ಣಗೆ ರುಬ್ಬಿ, ಆಗಲೇ ಹುಯ್ದರೆ ಹುಳಿಯಿಸಿ ರಾತ್ರಿ ಇಡುವ ಪ್ರಮೇಯವಿಲ್ಲ. ಮರ್ಯಾದೆ ಮೀರಿದ ಹಿಟ್ಟಿನ ದೋಷ ತಪ್ಪುತ್ತದೆ. ಮಜ್ಜಿಗೆಯ ತಂಬುಳಿ ಮಾಡುವವರು ಒಗ್ಗರಣೆಗೆ ಉದ್ದಿನಬೇಳೆಯನ್ನು ಹಾಕಿದರೆ ದ್ವಿದಲವಾಯಿತೆಂಬುದನ್ನು ನೆನಪಿಡಬೇಕು; ಸಾಸಿವೆ ಜೀರಿಗೆ ಸಾಕು. ಎಲೆಯನ್ನು ಅರೆದು ಹೆಂಗಸರು ತಲೆಗೆ ಹಚ್ಚಿಕೊಳ್ಳುವುದು ಎಲ್ಲರಿಗೂ ತಿಳಿದದ್ದೇ.

ಎಲೆಯ ದೋಸೆ ಹಿರಿಯಾಕೆಯ ಬಾಯಿಗೆ ಹಿಡಿಸಿತು. ಇದರಿಂದ ಉತ್ಸಾಹಗೊಂಡ ಸೊಸೆ ಹೂವಿನ ತಂಬುಳಿಯ ಮಾತನ್ನೆತ್ತಿದಳು. ಎಸಳನ್ನು ಹುರಿದು ತೆಂಗಿನಕಾಯಿಯೊಡನೆ ರುಬ್ಬಿ ಮಜ್ಜಿಗೆ ಬೆರೆಸುವುದು. ಬಣ್ಣವೂ ಚೆಂದ, ತಂಪೂ ಹೌದು. "ಈಗ ನಿಮಗೆ ಈ ಗಿಡ ತಿಳಿದದ್ದೇ ಆಯಿತಲ್ಲ, ಅತ್ತೆ" ಎಂದಳು.

ಈ ಮಾತಿನಲ್ಲಿರುವ ತರ್ಕದೋಷವನ್ನು ವಿವೇಚಿಸುವುದು ಅವಶ್ಯಕ. ಅಜ್ಞಾತವಾದುದೆಲ್ಲ ತ್ಯಾಜ್ಯವೆಂದರೆ ಜ್ಞಾತವಾದುದೆಲ್ಲ ಗ್ರಾಹ್ಯವೆಂದು ಅರ್ಥವಾಗುವುದಿಲ್ಲ. ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ಹೇಳುವಾಗ, ಫಲ ಅಲ್ಪ ಘಾತ ಬಹಳ ಎಂಬ ಕಾರಣಕ್ಕೆ ಬಿಡಬೇಕಾದವುಗಳಲ್ಲಿ ಮೂಲಂಗಿ, ಹಸಿಶುಂಠಿ, ಬೆಣ್ಣೆಗಳ ಜೊತೆಗೆ ಬೇವಿನ ಹೂವನ್ನೂ ಕೇದಗೆಯ ಹೂವನ್ನೂ ಹೆಸರಿಸಿದ್ದಾರೆ. ಇವುಗಳಲ್ಲಿ ಒಂದೂ ಅಜ್ಞಾತವಲ್ಲ. ಬೇವಿನ ಹೂವನ್ನು ಅರಿಯದವರು ಯಾರು? ಚೆನ್ನಾಗಿ ಅರಿತುದರಿಂದಲೇ ಬಿಟ್ಟುದು. ಹೂವಿನ ಮಡಿಕೆಗಳಲ್ಲಿ ಮಕರಂದಕ್ಕೂ ಪರಾಗಕ್ಕೂ ಬಂದ ಕಣ್ಣಿಗೆ ಬೀಳದ ತ್ರಸಜೀವಿಗಳು ಅಡಗಿರುತ್ತವೆ; ನಾಲಗೆಗೆ ದೊರೆಯುವ ಸುಖವೋ ಒಂದು ಗುಟುಕಿನದು. ದಾಸವಾಳದ ಹೆಸರು ಅಲ್ಲಿಲ್ಲವಲ್ಲ ಎಂದರೆ, ಹೆಸರಿಸಿದವು ಉದಾಹರಣೆಗಳು, ಇಂತಹವೆಲ್ಲ ಎಂದು ಆಚಾರ್ಯರು ಸೇರಿಸಿಯೇ ಹೇಳಿದ್ದಾರೆ.

ದಾಸವಾಳದ ಪರವಾಗಿ ಹೇಳಬಹುದಾದದ್ದೂ ಇದೆ. ಕೇದಗೆಯಂತೆ ಇದು ಮಡಿಕೆಮಡಿಕೆಯ ಹೂವಲ್ಲ. ತೆರೆದ ಬಟ್ಟಲು, ಬಿಡಿಸಿ ನೋಡಬಹುದು. ಸಂಜೆಗೆ ತಾನೇ ಉದುರುವ ಹೂವನ್ನು ಬಳಸಿದರೆ ನಷ್ಟವೇನು ಎಂದು ಕೇಳಬಹುದು. ಆದರೆ ಬುಡದಲ್ಲಿ ಸಿಹಿರಸವಿರುವುದರಿಂದಲೇ ಸೂರಕ್ಕಿಗಳು ಇದರ ಸುತ್ತ ಹಾರಾಡುವುದು. ಅದೇ ರಸಕ್ಕೆ ಇರುವೆಗಳೂ ಬುಡದವರೆಗೆ ಇಳಿದಿರುತ್ತವೆ. ಉದುರಿದ ಹೂವಿನಲ್ಲಂತೂ ಇವು ಇನ್ನೂ ಹೆಚ್ಚು. ದೇವರಿಗೆ ಅರ್ಪಿಸುವ ಹೂವನ್ನು ತಿನ್ನಬಾರದೆ ಎಂಬ ಪ್ರಶ್ನೆ ಬೇರೆ. ನಮ್ಮ ಕಡೆಯ ಬಸದಿಗಳಲ್ಲಿ ಹೂವನ್ನು ಅರ್ಪಿಸುತ್ತೇವೆ. ಉತ್ತರದ ತೇರಾಪಂಥದ ಬಂಧುಗಳು ಕೇಸರಿಯಲ್ಲಿ ಅದ್ದಿದ ಅಕ್ಕಿಯನ್ನು ಪುಷ್ಪವೆಂದು ಭಾವಿಸಿ ಅರ್ಪಿಸುತ್ತಾರೆ. ಆ ವಾದವನ್ನು ಇಲ್ಲಿ ಬೆಳೆಸುವುದು ಬೇಡ. ಅರ್ಪಣೆಯಲ್ಲಿ ತ್ಯಾಗದ ಭಾವವಿದೆ, ಭೋಜನದಲ್ಲಿ ಭೋಗದ ಭಾವವಿದೆ. ಒಂದರ ಅನುಮತಿಯನ್ನು ಇನ್ನೊಂದಕ್ಕೆ ಸಾಗಿಸಲಾಗದು ಎಂದಷ್ಟೇ ಹೇಳಿದರೆ ಸಾಕು.

ಔಷಧವೆಂದು ಹೂವಿನ ಕಷಾಯ ಕುಡಿಯುವವರ ಮಾತೇನು? ಖದಿರಸಾರನೆಂಬ ಬೇಡನು ಕಾಗೆಯ ಮಾಂಸವನ್ನು ಬಿಟ್ಟಿದ್ದವನು, ಕಾಯಿಲೆಗೆ ಅದೇ ಮದ್ದೆಂದು ವೈದ್ಯರು ಹೇಳಿದಾಗಲೂ ಒಪ್ಪದೆ ಪ್ರಾಣ ಬಿಟ್ಟ ಕಥೆ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಅವನೇ ಮುಂದೆ ಶ್ರೇಣಿಕ ಮಹಾರಾಜನಾದನು. ಆದರೆ ಎಲ್ಲರಿಂದ ಖದಿರಸಾರನ ದೃಢತೆಯನ್ನು ನಿರೀಕ್ಷಿಸುವುದು ಕ್ರೌರ್ಯ. ವ್ರತವಿಲ್ಲದ ರೋಗಿಯನ್ನು ಗದರಿಸುವ ಅಧಿಕಾರ ಯಾರಿಗೂ ಇಲ್ಲ. ಗರ್ಭಿಣಿಯರು ಮಾತ್ರ ಈ ಹೂವಿನ ಔಷಧದಿಂದ ದೂರವಿರುವುದು ಕ್ಷೇಮ. ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಇದರ ಸಾರವು ಗರ್ಭಕ್ಕೆ ವಿರುದ್ಧವಾಗಿ ವರ್ತಿಸಿದುದು ಕಂಡುಬಂದಿದೆ.

ಈಗ ಉಳಿದ ಒಂದು ಸೂಕ್ಷ್ಮ. ಯೋಗ್ಯವಾದ ವಿಷಯದಿಂದ ಬುದ್ಧಿಪೂರ್ವಕವಾಗಿ ನಿವೃತ್ತನಾಗುವುದೇ ವ್ರತವೆಂದು ಸಮಂತಭದ್ರರು ಲಕ್ಷಣ ಹೇಳುತ್ತಾರೆ. ಯೋಗ್ಯವಾದ ಎಂಬ ಮಾತಿನ ಮೇಲೆ ಭಾರವಿದೆ. ಕಣಗಿಲೆಯನ್ನು ತಿನ್ನದವನು ವ್ರತಿಯಲ್ಲ, ಬುದ್ಧಿವಂತ ಮಾತ್ರ. ಹಿರಿಯಾಕೆಯೂ ಮೊದಲ ನಲವತ್ತು ವರ್ಷ ದಾಸವಾಳದ ಎಲೆಯನ್ನು ತಿಂದಿರಲಿಲ್ಲ. ಅದರಿಂದ ಅವರಿಗೆ ಯಾವ ನಿರ್ಜರೆಯೂ ಆಗಿರಲಾರದು, ತಿನ್ನಬಹುದೆಂಬುದೇ ತಿಳಿದಿರಲಿಲ್ಲ. ತಿಳಿದು, ರುಚಿ ನೋಡಿ, ಅದು ಹಿಡಿಸಿದ ಮೇಲೆ ಅಷ್ಟಮಿಯ ದಿನ ಸೊಸೆ ಕಾವಲಿಯನ್ನು ಒಲೆಗೇರಿಸಿದಾಗ ಹಸಿರು ವಸ್ತು ಇಂದು ಬೇಡವೆಂದರೆ, ಅದು ವ್ರತ. ಇಷ್ಟನ್ನು ಕಾಣದೆ, ಎಷ್ಟು ಕಡಿಮೆ ತಿಳಿದರೆ ಅಷ್ಟು ಸುರಕ್ಷಿತವೆಂದು ನಡೆಯುವ ಗೃಹಸ್ಥರು ತ್ಯಾಗ ಮಾಡಲು ತಮ್ಮ ಬಳಿ ಏನನ್ನೂ ಇಟ್ಟುಕೊಂಡಿರುವುದಿಲ್ಲ.

ಆ ಮನೆಯಲ್ಲಿ ಹೂವಿನ ತಂಬುಳಿ ಆಗಲಿಲ್ಲ. "ತಿಳಿದದ್ದರಿಂದಲೇ ಬೇಡವಮ್ಮಾ" ಎಂದು ಹಿರಿಯಾಕೆ ಹೇಳಿದರು, ಈ ಸಲ ಕಾರಣವನ್ನೂ ಹೇಳಿದರು. ಸೊಸೆಗೆ ಒಪ್ಪಿಗೆಯಾಯಿತೋ ಇಲ್ಲವೋ, ಮುಖ ಬಾಡಲಿಲ್ಲ. ಸ್ವಲ್ಪ ದಿನಗಳ ಮೇಲೆ ಐದು ವರ್ಷದ ಮೊಮ್ಮಗು ಅಡುಗೆಯಾಟ ಆಡುತ್ತ ಬೇಲಿಯ ಕಡೆಯಿಂದ ಕೆಂಪು ಎಸಳುಗಳನ್ನು ತಂದು ಗೊಂಬೆಗೆ ಬಡಿಸಿ ತನ್ನ ಬಾಯಿಗೂ ಒಯ್ಯುವುದರಲ್ಲಿತ್ತು. ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಕೂಗಿದರು. ಬೇಲಿಯ ಕಡೆ ಇದ್ದುದು ಕಣಗಿಲೆ. ಮಗುವಿನ ಕೈ ಬಾಯಿಗಳನ್ನು ತೊಳೆದಾದ ಮೇಲೆ ಅಜ್ಜಿ ಅದನ್ನು ಎರಡು ಗಿಡಗಳ ನಡುವೆ ನಿಲ್ಲಿಸಿಕೊಂಡು ಎಲೆಯ ಹಲ್ಲನ್ನು ಬೆರಳಿನಿಂದ ಮುಟ್ಟಿಸಿದರು, ಕಣಗಿಲೆಯ ಗಿಣ್ಣಿನಲ್ಲಿ ಎಷ್ಟು ಎಲೆಯೆಂದು ಎಣಿಸಲು ಹೇಳಿದರು. ಮಗು ಮೂರು ಎಂದಿತು. ಆ ವಾರ ಮನೆಯ ಯಜಮಾನರು ಕಣಗಿಲೆಯನ್ನು ಬೇರುಸಹಿತ ಕೀಳಿಸುವ ಮಾತನ್ನಾಡಿದಾಗ ಹಿರಿಯಾಕೆ ಒಪ್ಪಲಿಲ್ಲ. ಅದೂ ಏಕೇಂದ್ರಿಯ ಜೀವವೇ, ಮಗುವಿಗೆ ಗುರುತು ಗಟ್ಟಿಯಾಗುವವರೆಗೆ ಸುತ್ತ ಮುಳ್ಳಿನ ಬೇಲಿ ಹಾಕಿಸಿ ಎಂದರು.